ಬ್ಯಾಟರಿ ಸರಿಯಿದ್ದರೂ ಸೆಲ್ಫ್ ತಿರುಗದಿದ್ದರೆ

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಉರಿದು, ಹಾರ್ನ್ ಎಂದಿನಂತೆ ಗಟ್ಟಿಯಾಗಿ ಕೂಗಿ, ಎಂಜಿನ್ ಮಾತ್ರ ಒಂದು ಸುತ್ತೂ ತಿರುಗದಿದ್ದರೆ ಹೆಚ್ಚಿನವರು ಮೊದಲು ಬ್ಯಾಟರಿಯನ್ನು ಅನುಮಾನಿಸುತ್ತಾರೆ. ಅದು ಸರಿಯಿದೆ ಎಂದು ಗೊತ್ತಾದೊಡನೆ ಸೆಲ್ಫನ್ನೇ, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರನ್ನೇ, ಬದಲಾಯಿಸಲು ಹೊರಡುತ್ತಾರೆ. ಇವೆರಡರ ನಡುವಿನ ದಪ್ಪ ಕೇಬಲ್, ಎಂಜಿನ್ನನ್ನು ಬ್ಯಾಟರಿಯ ಮೈನಸ್ಸಿಗೆ ಜೋಡಿಸುವ ಅರ್ತಿಂಗ್ ಪಟ್ಟಿ, ರಿಲೇ, ಸ್ವಿಚ್ಚುಗಳ ಕಡೆಗೆ ಗಮನ ಹೋಗುವುದು ಕಡಿಮೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿದ ಮಳೆಯೂ ಸಮುದ್ರದ ಉಪ್ಪುಗಾಳಿಯೂ ಸೇರಿ ಲೋಹವನ್ನು ತಿನ್ನುವ ಮಂಗಳೂರು, ಉಡುಪಿಯಂಥ ಕಡೆ ದೋಷವನ್ನು ಮೊದಲು ಹುಡುಕಬೇಕಾದದ್ದು ಈ ನಡುವಿನ ದಾರಿಯಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಯಾಟರಿ ಸರಿಯಿದೆ ಎನ್ನುವುದನ್ನೂ ಸರಿಯಾಗಿ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಆದರೆ ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಚಿಕ್ಕ ಪೆಟ್ರೋಲ್ ಕಾರಿನ ಮೋಟಾರು ಕೂಡ ನೂರು ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ, ಆ ಕ್ಷಣದಲ್ಲಿಯೂ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ಬ್ಯಾಟರಿಯನ್ನು ಅನುಮಾನದಿಂದ ಬಿಡಬಹುದು.

ಆಮೇಲೆ ಕಿವಿಗೊಡಬೇಕು. ಟಕಟಕ ಎಂದು ವೇಗವಾಗಿ ಸದ್ದಾದರೆ ಮೋಟಾರಿಗೆ ವಿದ್ಯುತ್ತು ಬಿಡುವ ಕಾಂತದ ಸ್ವಿಚ್ಚಾದ ಸೊಲೆನಾಯ್ಡ್ ಎಳೆದುಕೊಳ್ಳುತ್ತಿದೆ, ಆದರೆ ವೋಲ್ಟೇಜ್ ಕುಸಿದು ಮತ್ತೆ ಬಿಟ್ಟುಬಿಡುತ್ತಿದೆ ಎಂದರ್ಥ. ಒಂದೇ ಒಂದು ಗಟ್ಟಿ ಸದ್ದು ಬಂದು ನಿಂತರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕ ಸವೆದಿರಬಹುದು, ಮೋಟಾರಿನೊಳಗೆ ವಿದ್ಯುತ್ತು ದಾಟಿಸುವ ಬ್ರಷ್ ಸವೆದು ಮುಗಿದಿರಬಹುದು, ಇಲ್ಲವೇ ದಪ್ಪ ಕೇಬಲ್ಲಿನಲ್ಲಿ ತಡೆ ಇರಬಹುದು. ಈ ಹಂತದಲ್ಲಿ ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ ನೋಡುವುದು ಬಹಳ ಉಪಯುಕ್ತ. ಬೆಳಕು ತೀರಾ ಮಂಕಾದರೆ ಮೋಟಾರು ವಿದ್ಯುತ್ತನ್ನು ಎಳೆಯುತ್ತಿದೆ, ಆದರೆ ಏನೋ ಅದನ್ನು ತಿರುಗಗೊಡುತ್ತಿಲ್ಲ. ಬೆಳಕು ಕದಲದಿದ್ದರೆ ವಿದ್ಯುತ್ತು ಮೋಟಾರನ್ನು ತಲುಪುತ್ತಲೇ ಇಲ್ಲ.

ಮಲ್ಪೆಯಲ್ಲಿರುವ ನನ್ನ ಸೋದರಮಾವನ ಕಾರಿನಲ್ಲಿ ಕಂಡದ್ದು ಹೀಗೆಯೇ ಇತ್ತು. ಬ್ಯಾಟರಿ ಹೊಸದು, ಟಕ್ ಎಂಬ ಒಂದೇ ಸದ್ದು, ಹೆಡ್‌ಲೈಟಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸೆಲ್ಫ್ ಹೋಗಿದೆ, ಹೊಸದು ಹಾಕಬೇಕೆಂದು ಗ್ಯಾರೇಜಿನವರು ಹೇಳಿಯಾಗಿತ್ತು. ನಾನು ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ವೋಲ್ಟ್ ಅಳತೆಗೆ ಇಟ್ಟ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಮಾವನಿಗೆ ಕೀಲಿ ತಿರುಗಿಸಲು ಹೇಳಿದೆ. ಅರ್ತಿಂಗ್ ಸರಿಯಿದ್ದರೆ ಅಲ್ಲಿ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡದ್ದು 8ರ ಆಸುಪಾಸು. ಅಂದರೆ ಬ್ಯಾಟರಿಯ ಶಕ್ತಿಯ ಬಹುಪಾಲು ಮೋಟಾರಿಗೆ ಸಿಗದೆ ಅರ್ತಿಂಗ್ ದಾರಿಯಲ್ಲಿಯೇ ಕಳೆದುಹೋಗುತ್ತಿತ್ತು. ಜಂಪರ್ ಕೇಬಲ್ಲಿನಿಂದ ಮೈನಸ್ ಕಂಬವನ್ನು ನೇರವಾಗಿ ಎಂಜಿನ್ನಿಗೆ ಜೋಡಿಸಿದಾಗ ಸೆಲ್ಫ್ ಚುರುಕಾಗಿ ತಿರುಗಿತು. ಗೇರ್‌ಬಾಕ್ಸಿಗೆ ಅರ್ತಿಂಗ್ ಪಟ್ಟಿ ಕಚ್ಚಿಸಿದ್ದ ಬೋಲ್ಟನ್ನು ಬಿಚ್ಚಿದರೆ ಅದರಡಿ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಅದನ್ನು ತಂತಿಯ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಬಳಿದದ್ದಷ್ಟೇ ದುರಸ್ತಿ. ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿಡಬೇಕು. ಕೆಲಸ ಮುಗಿದ ಬಳಿಕ ಅದನ್ನೇ ಕೊನೆಗೆ ಜೋಡಿಸಬೇಕು.

ಅದೇ ಪಟ್ಟಿಯನ್ನು ಮಲ್ಟಿಮೀಟರಿನ ಓಮ್, ಅಂದರೆ ತಡೆಯ, ಅಳತೆಯಲ್ಲಿ ನೋಡಿದ್ದರೆ ದೋಷವೇ ಕಾಣುತ್ತಿರಲಿಲ್ಲ. ಓಮ್ ಅಳೆಯುವಾಗ ಮೀಟರು ಹರಿಸುವ ವಿದ್ಯುತ್ತು ತೀರಾ ಅಲ್ಪ. ಹತ್ತಾರು ಎಳೆಗಳ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಸೊನ್ನೆಯ ಹತ್ತಿರವೇ ತೋರಿಸುತ್ತದೆ. ನೂರು ಆಂಪಿಯರ್ ಹರಿಯುವಲ್ಲಿ 0.08 ಓಮ್ ತಡೆಯೂ 8 ವೋಲ್ಟ್ ನುಂಗುತ್ತದೆ. ಆದ್ದರಿಂದ ಅಳತೆಯನ್ನು ಭಾರ ಬಿದ್ದಿರುವಾಗಲೇ, ಕೀಲಿ ತಿರುಗಿಸಿ ಹಿಡಿದಿರುವಾಗಲೇ ಮಾಡಬೇಕು. ಬ್ಯಾಟರಿಯ ಪ್ಲಸ್ ಕಂಬದಿಂದ ಮೋಟಾರಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ನೋಡಬಹುದು. ಅಲ್ಲಿ ಅರ್ಧ ವೋಲ್ಟಿನೊಳಗೆ ಇರಬೇಕು. ಎರಡೂ ದಾರಿ ಸರಿಯಿದ್ದು ಮೋಟಾರು ತಿರುಗದಿದ್ದರೆ ಆಗ ಮೋಟಾರನ್ನು ಬಿಚ್ಚುವುದು ನ್ಯಾಯ. ಆಗಲೂ ಬ್ರಷ್ ಮತ್ತು ಸೊಲೆನಾಯ್ಡನ್ನಷ್ಟೇ ಬದಲಾಯಿಸಿದರೆ ಸಾಕಾಗುವುದುಂಟು.

ಸದ್ದೇ ಬಾರದಿದ್ದರೆ ದಾರಿ ಬೇರೆ. ಸೊಲೆನಾಯ್ಡಿಗೆ ಬರುವ ತೆಳು ವೈರಿನಲ್ಲಿ ಕೀಲಿ ತಿರುಗಿಸಿದಾಗ 12 ವೋಲ್ಟಿನ ಹತ್ತಿರ ಬರುತ್ತಿದೆಯೇ ಎಂದು ನೋಡಬೇಕು. ಬಾರದಿದ್ದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲಿನ ಸ್ವಿಚ್ ಇವುಗಳಲ್ಲೊಂದು ಕಾರಣ. ಕೆಲವು ಕಾರುಗಳಲ್ಲಿ ಕಳ್ಳತನ ತಡೆಯಲು ಇರುವ ಇಮೊಬಿಲೈಸರ್ ಕೂಡ ಸೆಲ್ಫನ್ನು ತಡೆಯುತ್ತದೆ. ಆಟೋಮ್ಯಾಟಿಕ್ ಕಾರಾದರೆ ಪಾರ್ಕಿನ ಬದಲು ನ್ಯೂಟ್ರಲ್‌ನಲ್ಲಿರಿಸಿ ಪ್ರಯತ್ನಿಸಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವ ಇಲಿಗಳು ಕಡಿಯುವುದೂ ಇಂಥ ತೆಳು ವೈರುಗಳನ್ನೇ.

ರಸ್ತೆಯಲ್ಲಿ ನಿಂತ ನೀರನ್ನು ದಾಟುವಾಗ ಬಂದ್ ಬಿದ್ದ ಕಾರಿಗೆ ಮಾತ್ರ ಈ ಯಾವ ಪರೀಕ್ಷೆಯನ್ನೂ ಮಾಡಬಾರದು. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಕೀಲಿ ಮತ್ತೆ ಮತ್ತೆ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೀರು ಹೊರಹೋಗಲು ದಾರಿ ಮಾಡಿಕೊಟ್ಟ ಬಳಿಕವೇ ಎಂಜಿನ್ ತಿರುಗಿಸಬೇಕು. ಡೀಸೆಲ್ ಕಾರಾದರೆ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಕ್ಷೇಮ.