ಶನಿವಾರದ ಕೊನೆಯ ಪೀರಿಯಡ್

ಮೇಷ್ಟ್ರು ಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದದ್ದೇ ತಡ, ಸಂತಾಪದ ಜೊತೆಗೆ ಜಗಳವೂ ಶುರುವಾಯಿತು. ಅವರು ದೇವರನ್ನು ನಂಬುತ್ತಿದ್ದರೋ ಇಲ್ಲವೋ? ಪರಮ ಆಸ್ತಿಕರು ಅಂದರು ಕೆಲವರು. ಅಪ್ಪಟ ನಾಸ್ತಿಕರು ಅಂದರು ಉಳಿದವರು. ಧರ್ಮ ಮತ್ತು ನೀತಿಯ ಪಾಠವನ್ನೇ ಮಾಡಿಕೊಂಡಿದ್ದ ಮನುಷ್ಯ ತನ್ನ ಗುಟ್ಟು ಮಾತ್ರ ಬಿಟ್ಟುಕೊಡದೆ ಹೊರಟಿದ್ದರು.

ಆ ಪಾಠಕ್ಕೆ ವೇಳಾಪಟ್ಟಿಯಲ್ಲಿ ಸಿಕ್ಕಿದ್ದು ಶನಿವಾರದ ಕೊನೆಯ ಪೀರಿಯಡ್. ಪಠ್ಯದಲ್ಲಿ ಏನಿತ್ತೋ, ಒಂದಕ್ಷರ ನೆನಪಿಲ್ಲ. ಅವರ ಕಟ್ಟಳೆ ಮಾತ್ರ ನೆನಪಿದೆ: ನಿನ್ನ ವಾದಕ್ಕೆ ಮೊದಲು ಎದುರಿನವನ ವಾದ ಹೇಳು. ‘ಹೌದು, ನಾನಂದದ್ದು ಇದನ್ನೇ’ ಅಂತ ಅವನು ಒಪ್ಪಬೇಕು. ಒಪ್ಪಲಿಲ್ಲವೋ, ಕೂತ್ಕೋ.

1997ರ ಫೆಬ್ರವರಿಯಲ್ಲಿ ಡಾಲಿ ಎಂಬ ತದ್ರೂಪಿ ಕುರಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇದು ದೇವರ ಕೆಲಸಕ್ಕೆ ಕೈ ಹಾಕಿದಂತೆ ಎಂದು ನಾನು ಎದ್ದು ಗುಡುಗಿದೆ. “1978ರಲ್ಲಿ ಲೂಯಿಸ್ ಬ್ರೌನ್ ಪ್ರನಾಳ ಶಿಶುವಾಗಿ ಹುಟ್ಟಿದಾಗಲೂ ಹೀಗೇ ಅಂದಿದ್ರು. ಅವಳಿಗೀಗ ಹದಿನೆಂಟು. ಅವಳ ಮುಖ ನೋಡಿ ಹೇಳ್ತೀಯೇನೋ?” ಅಂದರು ಮೇಷ್ಟ್ರು. ಇಡೀ ತರಗತಿ ಆ ಕಡೆ ವಾಲಿತು. ಆಗ ಮೆಲ್ಲಗೆ, “ಡಾಲಿಗೋಸ್ಕರ 277 ಸಲ ಪ್ರಯತ್ನ ಮಾಡಿದ್ದಾರೆ. ಮನುಷ್ಯನ ವಿಷಯದಲ್ಲಾದ್ರೆ ಉಳಿದ 276ಕ್ಕೆ ಏನಂತೀರಿ?” ಅಂದರು. ಯಾರೂ ಉಸಿರೆತ್ತಲಿಲ್ಲ.

ಇರುವೆಗೂ ನೋವಾಗದಂತೆ ನಡೆಯುವ ಜೈನರು ಉಪವಾಸವಿದ್ದು ದೇಹ ಬಿಡುವ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಏಕೆ ಒಪ್ಪುವುದಿಲ್ಲ, ಸಬ್ಬತ್ತಿನ ದಿನ ಕೆಲಸವನ್ನೇ ಮುಟ್ಟದ ಯೆಹೂದಿ ಒಂದು ಜೀವ ಉಳಿಸಲು ಅದೇ ನಿಯಮವನ್ನು ಏಕೆ ಮುರಿಯಬೇಕು, ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದವರು ಸಾಯುವ ಸ್ಥಿತಿಯಲ್ಲೂ ರಕ್ತ ಏಕೆ ಬೇಡ ಅನ್ನುತ್ತಾರೆ, ಇವೆಲ್ಲ ನಮಗೆ ಗೊತ್ತಾಗಿದ್ದು ಇದೇ ಜಗಳಗಳಿಂದ. ನಗುವಂತಿರಲಿಲ್ಲ. ನಕ್ಕವನೇ ಎದ್ದು ಅವರ ಪರ ವಾದಿಸಬೇಕಿತ್ತು.

ಒಂದು ಶನಿವಾರ ನಮ್ಮ ಬೆಂಚಿನವನೊಬ್ಬ ಹೊತ್ತಿಗೆ ಮುಂಚೆಯೇ ಲಾಂಗ್ ಬೆಲ್ ಹೊಡೆದುಬಿಟ್ಟ. ಇಡೀ ಶಾಲೆ ಗೇಟು ದಾಟಿತು. ಮುಂದಿನ ವಾರ ಮೇಷ್ಟ್ರು ಜರ್ಮನ್ ತತ್ವಜ್ಞಾನಿ ಕಾಂಟ್‌ನನ್ನು ಹಿಡಿದುಕೊಂಡು ಬಂದರು. ಗೆಳೆಯನನ್ನು ಕೊಲ್ಲಲು ಬಂದವನು ‘ಅವನೆಲ್ಲಿ?’ ಅಂತ ಕೇಳಿದರೂ ಸುಳ್ಳು ಹೇಳಕೂಡದು ಎಂದು 1797ರಲ್ಲಿ ಬರೆದ ಪುಣ್ಯಾತ್ಮ ಆತ. ಅವನ ಪರವಾಗಿ ಮಾತಾಡಲು ಮೇಷ್ಟ್ರು ಎಬ್ಬಿಸಿದ್ದು ಗಂಟೆ ಹೊಡೆದವನನ್ನೇ! ಬೇಕೆಂದೇ ಎಬ್ಬಿಸಿದರೋ ಏನೋ. ಅವನೋ, ಸತ್ಯ ಮುಚ್ಚಿಡುವುದು ಎಂಥ ಪಾಪ ಅಂತ ಎಷ್ಟು ಆವೇಶದಿಂದ ವಾದಿಸಿದನೆಂದರೆ, ಪಕ್ಕದ ಕೋಣೆಯ ಫಿಸಿಕ್ಸ್ ಮೇಷ್ಟ್ರು ಗಲಾಟೆ ನಿಲ್ಲಿಸಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು. “ಹಾಗಾದ್ರೆ ಬೆಲ್ ಹೊಡೆದೋರು ಯಾರು, ಹೇಳಿಬಿಡಪ್ಪಾ” ಅಂದರು. ಇವನು ಕೈಕಟ್ಟಿ, “ಸಾರ್, ಇದು ನನ್ನ ವಾದ ಅಲ್ಲ, ಎದುರು ಪಕ್ಷದ್ದು” ಅಂದ. ನಮ್ಮ ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು, ಭುಜ ಕುಲುಕುತ್ತಿತ್ತು. ಆ ಹೆಸರು ಇವತ್ತಿಗೂ ಹೊರಬಿದ್ದಿಲ್ಲ. ಆಸಾಮಿ ಈಗ ಹೆಸರಾಂತ ವಕೀಲ.

ನಾನು ತೀವ್ರ ನಿಗಾ ಘಟಕದ ವೈದ್ಯ. ಮೆದುಳು ನಿಷ್ಕ್ರಿಯವಾದ ರೋಗಿಯ ಅಂಗದಾನದ ಮಾತು ಬಂದಾಗ ಮನೆಯವರು ಎರಡು ಪಾಲಾಗುವುದುಂಟು. ಆಗ ಅಣ್ಣ ಬೇಡವೆನ್ನುವುದೇಕೆಂದು ತಂಗಿಗೆ, ತಂಗಿ ಬೇಕೆನ್ನುವುದೇಕೆಂದು ಅಣ್ಣನಿಗೆ, ಇಬ್ಬರೂ ತಲೆಯಾಡಿಸುವವರೆಗೆ ಹೇಳುತ್ತೇನೆ. ಇಂಥ ಮಾತುಕತೆಗೆ ನನ್ನನ್ನೇ ಕರೆಯಬೇಕು ಅನ್ನುತ್ತಾರೆ ಸಹೋದ್ಯೋಗಿಗಳು. ಅಲ್ಲವೆನ್ನಲು ನಾನೇನೂ ಹೋಗಿಲ್ಲ.

ಮಗಳ ನೀತಿಪಾಠದ ಪುಸ್ತಕದಲ್ಲಿ ‘ಸರಿಯೋ ತಪ್ಪೋ ಗುರುತಿಸಿ’ ಎಂದಿದೆ. ಉತ್ತರಗಳೆಲ್ಲ ಕೊನೆಯ ಪುಟದಲ್ಲೇ ಇವೆ. ಅವಳು ಪೂರ್ತಿ ಅಂಕ ತಂದಿದ್ದಾಳೆ, ಒಂದು ಪ್ರಶ್ನೆಗೂ ತಲೆ ಕೆಡಿಸಿಕೊಂಡಿಲ್ಲ. ನಮ್ಮ ಶಾಲೆಯಲ್ಲೂ ಆ ಶನಿವಾರದ ಪೀರಿಯಡ್ ಈಗ ಗಣಿತದ ಟೆಸ್ಟಿಗೆ ಹೋಗಿದೆಯಂತೆ. ಮುಖ್ಯೋಪಾಧ್ಯಾಯರು ತಿಂಗಳಿಗೊಮ್ಮೆಯಾದರೂ ಅದನ್ನು ಬಿಟ್ಟುಕೊಟ್ಟರೆ ನಾನು ಬರಲು ಸಿದ್ಧ, ವಕೀಲರನ್ನೂ ಎಳೆದು ತರುತ್ತೇನೆ. ಅವತ್ತು ಬೆಲ್ಲಿನ ಹತ್ತಿರ ಮಾತ್ರ ಯಾರನ್ನಾದರೂ ಕಾವಲಿಗೆ ನಿಲ್ಲಿಸಿರಲಿ.