ಬರೆಯದೆ ಬಿಟ್ಟ ಕಾಲಂ

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಊರ ಸಭೆ ಕರೆಯಬಾರದು. ಆದರೆ ಕಪ್ಪೆಗಳು ಸಿಗುವುದು ಮಳೆಗಾಲದಲ್ಲೇ. ಸಮೀಕ್ಷೆಗೊಮ್ಮೆ, ಜನಜಾಗೃತಿಗೊಮ್ಮೆ ಎಂದು ಎರಡೆರಡು ಬಾರಿ ಜೀಪು ಕೊಡುವಷ್ಟು ಉದಾರ ಅನುದಾನ ಯಾವ ವಿಶ್ವವಿದ್ಯಾಲಯಕ್ಕೂ ಬರುವುದಿಲ್ಲ. ಹಾಗಾಗಿ ಎರಡು ಕೆಲಸವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು, ಎಂ.ಎಸ್‌ಸಿ. ವಿದ್ಯಾರ್ಥಿಗಳ ಜೊತೆ ಒಂದು ಜುಲೈನಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನ ಊರಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಹೋದದ್ದು ಆ ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸರಿಪಡಿಸಲು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ತನ್ನ ಎಲ್ಲೆಯೊಳಗಿನ ಗಿಡ, ಮರ, ಪ್ರಾಣಿ, ಬೆಳೆಯ ತಳಿ, ನಾಟಿ ಮದ್ದುಗಳ ಬಗೆಗಿನ ಜನರ ತಿಳಿವಳಿಕೆಯನ್ನು ದಾಖಲಿಸಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಈ ಯೋಚನೆಗೆ ರೂಪ ಕೊಟ್ಟಾಗ ಅದಕ್ಕೆ ಜೀವವಿತ್ತು. ಕಾಯ್ದೆಯೊಳಗೆ ಸೇರಿದ ಮೇಲೆ ಬಹಳ ವರ್ಷ ಹೆಚ್ಚಿನ ಕಡೆ ಕಾಗದವೂ ಆಗಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿತು: 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ಆಮೇಲೆ ನೋಡಿ, ದಾಖಲಾತಿಗಳು ಅಣಬೆಯಂತೆ ಎದ್ದವು. ನಾವು ಹೋದ ಊರಿನದೂ ಅಂಥದ್ದೇ. ಕಚೇರಿಯ ಕಪಾಟಿನಿಂದ ತೆಗೆದುಕೊಟ್ಟ ಆ ದಪ್ಪ ಪುಸ್ತಕದಲ್ಲಿ ಮಾವು, ಹಲಸು, ತೆಂಗು, ಕಾಗೆ, ಗುಬ್ಬಿ ಎಲ್ಲ ಇದ್ದವು. ಮುಖಪುಟ ಬದಲಿಸಿದರೆ ರಾಯಚೂರಿನ ಯಾವುದೋ ಹಳ್ಳಿಗೂ ಅದು ಹೊಂದುತ್ತಿತ್ತು. ಊರಿನ ನೆತ್ತಿಯ ಮೇಲೇ ಇರುವ ರಾಮಪತ್ರೆ ಜಡ್ಡಿಯ, ಅಂದರೆ ಜಾಯಿಕಾಯಿ ಬಳಗದ ಮರಗಳಿರುವ ಜೌಗು ಕಾಡಿನ, ಸುದ್ದಿಯೇ ಇರಲಿಲ್ಲ.

ಶಾಲೆಯ ಜಗುಲಿಯಲ್ಲಿ ಸಭೆ. ಮಳೆಯ ಸದ್ದಿಗೆ ನನ್ನ ದನಿ ಎರಡನೆಯ ಸಾಲಿಗೂ ತಲುಪುತ್ತಿರಲಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ಹೇಳಲು ಶುರು ಮಾಡಿದ್ದೆನಷ್ಟೇ, ಹಿಂದಿನಿಂದ ಒಬ್ಬರು ಕೇಳಿದರು: “ಇದು ಕಸ್ತೂರಿರಂಗನ್ ಸರ್ವೆಯೇ?”

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಘಟ್ಟದ ಊರುಗಳಿಗೆ ಹೋಗದಿರುವುದೇ ಒಳ್ಳೆಯದು. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ಸಮಿತಿಯ ವರದಿಯ ಬೆನ್ನಲ್ಲೇ, ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸುವ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಬೀಳುತ್ತಿದೆ. ತೋಟಕ್ಕೆ ಸೊಪ್ಪು ತರುವ ತನ್ನ ಸೊಪ್ಪಿನಬೆಟ್ಟಕ್ಕೆ ನಾಳೆ ಹೋಗಬಹುದೋ ಇಲ್ಲವೋ ಎಂಬ ಅಳುಕಿನಲ್ಲಿರುವ ರೈತನಿಗೆ ಕೈಯಲ್ಲಿ ಪಟ್ಟಿ ಹಿಡಿದು ಬಂದವರೆಲ್ಲ ಒಂದೇ. ಕಪ್ಪೆಯ ಮಾತು ಬಂದಾಗ ಅದೇ ಹಿರಿಯರು ಇನ್ನೊಂದು ಬಾಣ ಬಿಟ್ಟರು. ತೋಟಕ್ಕೆ ಹೊಡೆಯುವ ಮೈಲುತುತ್ತ ಹಳ್ಳಕ್ಕೆ ಇಳಿದರೆ ಗೊದಮೊಟ್ಟೆಗಳಿಗೆ ಕೇಡು ಎಂದು ನಮ್ಮ ವಿದ್ಯಾರ್ಥಿನಿ ಹೇಳಿದ್ದಳು. “ಸುಣ್ಣ, ಮೈಲುತುತ್ತ ಹೊಡೆಯದೆ ಅಡಿಕೆಗೆ ಕೊಳೆ ಬಂದರೆ ಸೊಸೈಟಿಯ ಸಾಲವನ್ನು ನಿಮ್ಮ ಕಪ್ಪೆ ತೀರಿಸುತ್ತದೆಯೇ, ತಂಗಿ?” ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೊಡೆಯಬೇಡಿ ಎನ್ನುವುದಿಲ್ಲ, ಕದಡಿದ ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲದಿದ್ದರೆ ಸಾಕು ಎಂದಳು. ಅಲ್ಲಿಂದ ಸಭೆ ಸಭೆಯಾಯಿತು.

ನಿಜವಾದ ಪ್ರಶ್ನೆ ಬಂದದ್ದು ಕಂಬಕ್ಕೆ ಒರಗಿ ಕವಳ ಹಾಕುತ್ತ ಕುಳಿತಿದ್ದ ಅಜ್ಜಿಯಿಂದ. ಕಾಡಿನ ಉಪ್ಪಾಗೆ, ರಾಮಪತ್ರೆ ಆಯ್ದು ಮಕ್ಕಳನ್ನು ಸಾಕಿದವರು.

“ಈ ಪುಸ್ತಕ ಯಾರ ಕೈಯಲ್ಲಿರುತ್ತದೆ, ಮೇಷ್ಟ್ರೇ?”

“ಪಂಚಾಯಿತಿಯಲ್ಲಿರುತ್ತದೆ. ಕಂಪ್ಯೂಟರಿನಲ್ಲೂ ಹಾಕುತ್ತಾರೆ, ಅಮ್ಮ.”

“ಹಾಗಾದರೆ ಎಲ್ಲರ ಕೈಯಲ್ಲೂ ಇರುತ್ತದೆ ಎನ್ನಿ.”

ಹಿಂದೊಮ್ಮೆ ವ್ಯಾಪಾರಿಯ ಕಡೆಯವರು ಬಂದು ರಾಮಪತ್ರೆ ಮರ ಎಲ್ಲೆಲ್ಲಿದೆ ಎಂದು ನಯವಾಗಿ ಕೇಳಿದ್ದರಂತೆ, ಇವರು ತೋರಿಸಿದ್ದರಂತೆ. ಮರುವರ್ಷ ಕಾಯಿ ಬಲಿಯುವ ಮೊದಲೇ ಯಾರೋ ಕೊಂಬೆ ಸಮೇತ ಕಡಿದು ಒಯ್ದಿದ್ದರು. ಬೀಜಕ್ಕೆ ಸುತ್ತಿಕೊಂಡಿರುವ ಕೆಂಪು ಪತ್ರೆಗೆ ಮಸಾಲೆಯ ಪೇಟೆಯಲ್ಲಿ ಬೆಲೆಯಿದೆ. ಆದರೆ ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ, ಕೊಂಬೆ ಕಳೆದುಕೊಳ್ಳುವುದೂ ಅದೇ. ಬೀಜವೋ ಒಣಗಿದರೆ ಹುಟ್ಟುವುದೇ ಇಲ್ಲ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ದೂರ ಒಯ್ದು ಉಗುಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ವ್ಯಾಪಾರಕ್ಕೆ ಸಂಗ್ರಹಿಸುವವರಿಂದ ಸಮಿತಿ ಶುಲ್ಕ ವಸೂಲಿ ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ ಎಂದು ನಾನು ವಿವರಿಸಿದೆ. ಅಜ್ಜಿ ಕವಳ ಉಗುಳಿ ಬಂದು ಹೇಳಿದರು: “ರಾತ್ರಿ ಬಂದು ಕಡಿಯುವವನು ನಿಮ್ಮಲ್ಲಿ ರಸೀದಿ ಕೇಳುತ್ತಾನೆಯೇ?”

ಮಧ್ಯಾಹ್ನ ಮಳೆ ಹೊಳವಾದಾಗ ಅವರ ಮಗ ನಮ್ಮನ್ನು ಜಡ್ಡಿಗೆ ಕರೆದೊಯ್ದರು. ಪೇಟೆಗೆ ಹೋಗುವ ರಾಮಪತ್ರೆ ಬೆಳೆಯುವುದು ಸುತ್ತಲಿನ ಕಾನಿನಲ್ಲಿ, ಅಂದರೆ ನಿತ್ಯಹಸುರಿನ ದಟ್ಟ ಕಾಡಿನಲ್ಲಿ. ಜಡ್ಡಿಯ ಒಳಗೆ ನಿಂತಿರುವುದು ಅದೇ ಬಳಗದ, ನೀರಿಗೆ ಒಗ್ಗಿದ ಬೇರೆ ಮರಗಳು. ವರ್ಷವಿಡೀ ಕೆಸರಲ್ಲಿ ಇರುವುದರಿಂದ ಬೇರಿಗೆ ಉಸಿರು ಸಿಗುವುದಿಲ್ಲ. ಅದಕ್ಕೇ ಬೇರುಗಳು ನೆಲದಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಅವುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯಬೇಕು; ತಪ್ಪಿದರೆ ಗಂಬೂಟು ಜಡ್ಡಿಯದು, ಕಾಲು ಮಾತ್ರ ನಮ್ಮದು. ಒಂದು ಬೇರಿನ ತೊಗಟೆ ಎಂದೋ ತರಚಿ, ಕೆಂಪು ಅಂಟು ಇಳಿದು ಗಟ್ಟಿಯಾಗಿತ್ತು. ಕೆಳಗೆ ಎಲೆಗಳ ಮೇಲೆ ಹರಿಯುತ್ತಿದ್ದ ನೀರು ಮಾತ್ರ ತಿಳಿಯಾಗಿತ್ತು. ಮಲೆನಾಡಿನ ಇಂಥ ಜಡ್ಡಿಗಳು ಬಹುಪಾಲು ಗದ್ದೆ, ಅಡಿಕೆ ತೋಟಗಳಾಗಿ ಹೋದದ್ದು ಈ ನೀರಿಗಾಗಿಯೇ. ಉಳಿದದ್ದು ಉಳಿದಿರುವುದೂ ಈ ನೀರಿನಿಂದಲೇ. ತನ್ನ ತಂದೆಯ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ತೋಟಕ್ಕೂ ಮನೆಗೂ ಇಳಿಯುವ ಅಬ್ಬಿ ನೀರು ಇದೇ ಎಂದು ಮಗ ತೋರಿಸಿದರು. ಜಡ್ಡಿಯ ಮಹತ್ವ ಕುರಿತು ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣ ಚೀಲದಲ್ಲೇ ಉಳಿಯಿತು.

ಕತ್ತಲಾದ ಮೇಲೆ ಹಳ್ಳದ ಅಂಚಿನಲ್ಲಿ ಕಪ್ಪೆ ಹುಡುಕಿದೆವು. ಇದೇ ತಾಲ್ಲೂಕಿನ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆಯನ್ನು ನೋಡಬೇಕೆಂಬುದು ಹುಡುಗರ ಹಟ. ನೀರಿನ ಮೇಲೆ ಬಾಗಿದ ಕಡ್ಡಿಯೊಂದರ ಮೇಲೆ ಮೊದಲು ಕಂಡದ್ದು ಒದ್ದೆ ಮಣ್ಣಿನ ಸಣ್ಣ ಮೆತ್ತೆ. ದೀಪ ತಗ್ಗಿಸಿ ಕಾದೆವು. ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿತು, ಹಿಂಗಾಲ ಮೇಲೆ ನೆಟ್ಟಗೆ ನಿಂತಿತು, ಮೊಟ್ಟೆಗಳ ಮೇಲೆ ಮೆತ್ತಿತು, ಮತ್ತೆ ಬಗ್ಗಿತು. ಅವಸರವಿಲ್ಲ, ಎಲ್ಲೂ ಬಿಟ್ಟುಹೋಗದಂತೆ ಸವರುವ ಕೆಲಸ. ಬೆಳಿಗ್ಗೆ ಬಾಣ ಬಿಟ್ಟ ಹಿರಿಯರೂ ಛತ್ರಿ ಹಿಡಿದು ಬಂದಿದ್ದರು. ಬಗ್ಗಿ ನೋಡಿ, “ಇದನ್ನು ಇಷ್ಟು ವರ್ಷ ತುಳಿದುಕೊಂಡೇ ಓಡಾಡಿದೆವಲ್ಲ” ಎಂದರು.

ಮರುದಿನ ದಾಖಲಾತಿ ಬರೆಯಲು ಕುಳಿತೆವು. ಹೆಸರು, ಉಪಯೋಗ, ಕಾಯಿ ಬಿಡುವ ಕಾಲ, ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂಬುದಕ್ಕೆಲ್ಲ ಪುಟಗಟ್ಟಲೆ ಮಾಹಿತಿ ಬಂತು. ‘ಸಿಗುವ ಸ್ಥಳ’ ಎಂಬ ಕಾಲಂ ಬಂದಾಗ ಎಲ್ಲರೂ ಅಜ್ಜಿಯನ್ನು ನೋಡಿದರು. ಪುಸ್ತಕದಲ್ಲಿ ‘ಪಂಚಾಯಿತಿ ವ್ಯಾಪ್ತಿಯ ಕಾನು’ ಎಂದಷ್ಟೇ ಬರೆಯುವುದು, ನಿಖರ ಜಾಗಗಳ ಪಟ್ಟಿಯನ್ನು ಸಮಿತಿಯ ಸದಸ್ಯೆಯಾಗಿರುವ ಅಜ್ಜಿಯ ಸೊಸೆ ಬೇರೆ ನೋಟುಪುಸ್ತಕದಲ್ಲಿ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ನಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಹಿಡಿದಿದ್ದ ಅಕ್ಷಾಂಶ, ರೇಖಾಂಶಗಳನ್ನೂ ಅದಕ್ಕೇ ಬರೆದುಕೊಟ್ಟು ಮೊಬೈಲಿನಿಂದ ಅಳಿಸಿದರು. ಒಬ್ಬನಿಗೆ ಹೊಟ್ಟೆ ಉರಿಯಿತು. ಅವನ ಪ್ರಬಂಧದ ನಕ್ಷೆ ಆ ಅಂಕಿಗಳಲ್ಲೇ ಇತ್ತು.

ಯೋಜನಾ ವರದಿಯನ್ನು ಪರಿಶೀಲಿಸಿದವರು, ಸ್ಥಳದ ವಿವರವಿಲ್ಲದ ದತ್ತಾಂಶಕ್ಕೆ ಅರ್ಧ ಬೆಲೆ ಎಂದು ಷರಾ ಬರೆದರು. ಅವರ ಮಾತು ಸುಳ್ಳಲ್ಲ. ಹತ್ತು ವರ್ಷದ ನಂತರ ಯಾರಾದರೂ ಆ ಮರಗಳನ್ನೇ ಮತ್ತೆ ಎಣಿಸಬೇಕಾದರೆ ಜಾಗ ಗೊತ್ತಿರಲೇಬೇಕು. ಗೊತ್ತಿದೆ, ಆದರೆ ಊರಿಗೆ ಗೊತ್ತಿದೆ. ಬೇಕಾದವರು ಅಲ್ಲಿಗೇ ಹೋಗಿ, ತಾವು ಯಾರು, ಯಾಕೆ ಬೇಕು ಎಂದು ಹೇಳಿ ಕೇಳಬಹುದು ಎಂದು ಉತ್ತರ ಬರೆದೆ. ಮಳೆಗಾಲವಾದರೆ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಒಯ್ಯಿರಿ ಎಂದೂ ಸೇರಿಸಿದ್ದೆ. ಆ ಸಾಲನ್ನು ನಮ್ಮ ವಿಭಾಗದ ಮುಖ್ಯಸ್ಥರು ಹೊಡೆದುಹಾಕಿದರು.