ಘಾನಾಗೆ ಆರ್ಟ್ ನೋಡೋಕೆ ಹೋಗೋರಿಗೆ: ಮೊದಲು ಮಗ್ಗ, ಆಮೇಲೆ ಗ್ಯಾಲರಿ

ಪ್ಲಾನ್ ಮಾಡ್ತಿರೋರಿಗೆ ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ರಾಜಧಾನಿ ಅಕ್ರಾದಲ್ಲಿ ಇಳಿದ ತಕ್ಷಣ ಗ್ಯಾಲರಿಗಳಿಗೆ ಹೋಗ್ಬೇಡಿ. ನಾನೂ ನನ್ನ ಗಂಡನೂ ಅದನ್ನೇ ಮಾಡಿದ್ವಿ, ಮೊದಲ ಎರಡು ದಿನ ಪೂರ್ತಿ ಗ್ಯಾಲರಿ ಸುತ್ತಿದ್ವಿ, ಎಲ್ಲಾ ಚೆನ್ನಾಗೇ ಇತ್ತು, ಆದ್ರೆ ನೋಡ್ತಿರೋದು ಏನು ಅಂತ ಅರ್ಥ ಆಗಿದ್ದು ಕುಮಾಸಿ ಹತ್ರದ ಹಳ್ಳೀಲಿ ನೇಕಾರರ ಪಕ್ಕ ಹೋಗಿ ಕೂತ ಮೇಲೆ. ವಾಪಸ್ ಬಂದು ಅವೇ ಗ್ಯಾಲರಿಗಳನ್ನ ಇನ್ನೊಂದು ಸಲ ನೋಡಿದ್ವಿ, ಅದಕ್ಕೋಸ್ಕರ ರಿಟರ್ನ್ ಟಿಕೆಟ್ಟೇ ಒಂದು ದಿನ ಮುಂದಕ್ಕೆ ಹಾಕ್ಬೇಕಾಯ್ತು. ಹಾಗಾಗಿ ನಿಮ್ಮ ರೂಟ್ ಕುಮಾಸಿ, ಆಮೇಲೆ ಉತ್ತರದ ತಮಾಲೆ, ಕೊನೆಗೆ ಅಕ್ರಾ ಅಂತ ಇರಲಿ. ಹತ್ತು ದಿನಕ್ಕಿಂತ ಕಮ್ಮಿ ಇಟ್ಕೋಬೇಡಿ.

ನನಗೆ ಈ ಆಸೆ ಹುಟ್ಟಿದ್ದು ಲಂಡನ್ನಲ್ಲಿ, ತಂಗಿ ಮನೆಗೆ ಹೋಗಿದ್ದಾಗ. ಬ್ರಿಟಿಷ್ ಮ್ಯೂಸಿಯಂನಲ್ಲಿ ಎಲ್ ಅನಾಟ್ಸುಯಿ ಅನ್ನೋ ಶಿಲ್ಪಿಯ ಒಂದು ಕೃತಿ ನೋಡಿದೆ, ದೂರದಿಂದ ಗೋಡೆಗೆ ಜರಿ ಬಟ್ಟೆ ಇಳಿಬಿಟ್ಟಂಗಿತ್ತು, ಹತ್ರ ಹೋದ್ರೆ ಎಲ್ಲಾ ಮದ್ಯದ ಬಾಟಲಿ ಮುಚ್ಚಳ, ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಕಟ್ಟಿರೋದು. ಅವರು 1944ರಲ್ಲಿ ಘಾನಾದ ಅನ್ಯಾಕೊ ಅನ್ನೋ ಊರಲ್ಲಿ ಹುಟ್ಟಿದವರು, ಅಪ್ಪ ಅಣ್ಣಂದಿರು ಕೆಂಟೆ ಅನ್ನೋ ಅಲ್ಲಿನ ಕೈಮಗ್ಗದ ಬಟ್ಟೆ ನೇಯ್ತಿದ್ರು, ಇವರು ಮಗ್ಗ ಹಿಡೀಲಿಲ್ಲ, ನೈಜೀರಿಯಾದ ನ್ಸುಕ್ಕಾದಲ್ಲಿ ವರ್ಷಾನುಗಟ್ಟಲೆ ಶಿಲ್ಪಕಲೆ ಪಾಠ ಮಾಡಿದ್ರು. 2015ರಲ್ಲಿ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ನಮ್ಮಜ್ಜ ಗುಳೇದಗುಡ್ಡದಲ್ಲಿ ಖಣ ನೇಯ್ತಿದ್ರು, ಅಪ್ಪ ಮಗ್ಗ ಬಿಟ್ಟು ನೌಕರಿ ಸೇರಿದ್ರು, ನನಗೆ ಲಾಳಿ ಹಿಡಿಯೋಕೂ ಬರಲ್ಲ. ನೇಯದೇ ಇರೋ ನೇಕಾರರ ಮಗ ನೇಯ್ಗೆಯನ್ನ ಹೀಗೂ ಮುಂದುವರಿಸಬಹುದಾ ಅಂತ ಆ ಗೋಡೆ ಮುಂದೆ ಬಹಳ ಹೊತ್ತು ನಿಂತಿದ್ದೆ.

ತಯಾರಿ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಬೆಂಗಳೂರಿಂದ ಅಡಿಸ್ ಅಬಾಬಾ ಅಥವಾ ದುಬೈ ಮೇಲೆ ಅಕ್ರಾ ತಲುಪಬಹುದು. ವೀಸಾ ಮೊದಲೇ ಮಾಡಿಸ್ಕೊಳ್ಳಿ. ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ, ಹಾಕಿಸ್ಕೊಂಡು ಹತ್ತು ದಿನ ಆದ ಮೇಲೇನೇ ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಹಳದಿ ಕಾರ್ಡ್ ಊರ್ಜಿತ ಆಗೋದು, ಕೊನೇ ವಾರಕ್ಕೆ ಬಿಡ್ಬೇಡಿ, ಮತ್ತೆ ವಾಪಸ್ ಬರುವಾಗ ಇಂಡಿಯಾದಲ್ಲೂ ಅದನ್ನ ಕೇಳ್ತಾರೆ, ಹಾಗಾಗಿ ಕಾರ್ಡನ್ನ ಪಾಸ್‌ಪೋರ್ಟ್ ಜೊತೆಗೇ ಇಟ್ಕೊಂಡಿರಿ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋದ್ರೆ ಮಳೆ ಕಾಟ ಇರಲ್ಲ, ಆದ್ರೆ ಡಿಸೆಂಬರ್ ಜನವರೀಲಿ ಸಹಾರಾ ಕಡೆಯಿಂದ ಹರ್ಮಟಾನ್ ಅನ್ನೋ ಧೂಳುಗಾಳಿ ಬೀಸತ್ತೆ, ತಮಾಲೆಯಲ್ಲಿ ತುಟಿ ಒಡೆದು ಹೋಗತ್ತೆ. ಇಂಗ್ಲಿಷ್ ಎಲ್ಲಾ ಕಡೆ ನಡೆಯತ್ತೆ. ಡಾಲರ್ ತಗೊಂಡ್ಹೋಗಿ ಅಲ್ಲಿನ ದುಡ್ಡು ಸೆಡಿಗೆ ಬದಲಾಯಿಸ್ಕೊಳ್ಳಿ, ಹಳ್ಳೀಲಿ ಕಾರ್ಡ್ ನಂಬ್ಕೋಬೇಡಿ. ಸಸ್ಯಾಹಾರಿಗಳು ಕೆಲೆವೆಲೆ ಅಂತ ಕೇಳಿ, ಶುಂಠಿ ಮೆಣಸಿನಕಾಯಿ ಹಚ್ಚಿ ಕರಿದ ಬಾಳೆಹಣ್ಣು, ಅದ್ಭುತವಾಗಿರತ್ತೆ. ವಾಚೆ ಅನ್ನೋದು ಅಕ್ಕಿ ಮತ್ತು ಕಾಳು ಒಟ್ಟಿಗೆ ಬೇಯಿಸಿದ ಅನ್ನ, ಅದರ ಮೇಲೆ ಹಾಕೋ ಶಿಟೊ ಅನ್ನೋ ಕಪ್ಪು ಚಟ್ನೀಲಿ ಒಣಮೀನು ಇರತ್ತೆ, ಬೇಡ ಅಂತ ಮೊದಲೇ ಹೇಳ್ಬಿಡಿ.

ಅಕ್ರಾದಿಂದ ಕುಮಾಸಿ ಸುಮಾರು 250 ಕಿಲೋಮೀಟರ್, ಬಸ್ಸಲ್ಲಿ ಐದಾರು ಗಂಟೆ, ವಿಮಾನದಲ್ಲಿ ಮುಕ್ಕಾಲು ಗಂಟೆ. ಇದು ಅಸಾಂಟೆ ಜನರ ರಾಜಧಾನಿ, ಇವತ್ತಿಗೂ ಅವರ ರಾಜ ಇಲ್ಲಿ ಮನ್ಹಿಯಾ ಅರಮನೆಯಲ್ಲಿದ್ದಾರೆ. ಟಿಕೆಟ್ ಬುಕ್ ಮಾಡೋಕೆ ಮುಂಚೆ ಅಕ್ವಾಸಿಡೆ ಯಾವತ್ತು ಅಂತ ನೋಡ್ಕೊಳ್ಳಿ, 42 ದಿನಕ್ಕೊಂದು ಸಲ ಭಾನುವಾರ ಬರೋ ಹಬ್ಬ, ಆವತ್ತು ಅರಮನೆ ಅಂಗಳದಲ್ಲಿ ರಾಜನ ದರ್ಬಾರು. ನಮಗೆ ಅದು ಸಿಕ್ತು, ಹೆಗಲ ಮೇಲೆ ಕೆಂಟೆ ಹೊದ್ದು ಬಂದ ಹಿರಿಯರನ್ನ ನೋಡಿದ ಮೇಲೆ ಮ್ಯೂಸಿಯಂ ಗಾಜಿನ ಹಿಂದೆ ಇರೋ ಬಟ್ಟೆ ನೋಡೋ ಕಣ್ಣೇ ಬೇರೆ ಆಗತ್ತೆ. ಅರಮನೆ ಮ್ಯೂಸಿಯಂಗೆ, 19ನೇ ಶತಮಾನದ ಯುದ್ಧಗಳಲ್ಲಿ ಬ್ರಿಟಿಷರು ಲೂಟಿ ಹೊಡೆದ ಚಿನ್ನವೂ ಸೇರಿ ಹಲವು ಸಾಮಾನುಗಳು 2024ರಲ್ಲಿ ವಾಪಸ್ ಬಂದ್ವು, ಲಂಡನ್ನಿನ ಎರಡು ಮ್ಯೂಸಿಯಂಗಳಿಂದ 32 ವಸ್ತು. ಆದ್ರೆ ಕೊಟ್ಟಿದ್ದು ಮೂರು ವರ್ಷದ ಸಾಲವಾಗಿ. ಅವರ ಚಿನ್ನ ಅವರಿಗೇ ಸಾಲ ಅನ್ನೋದು ನನಗೆ ತುಂಬಾ ನೋವು ತಂತು. ಅದೇ ವರ್ಷ ಅಮೆರಿಕದ ಫೌಲರ್ ಮ್ಯೂಸಿಯಂ ಏಳು ವಸ್ತುಗಳನ್ನ ಯಾವ ಷರತ್ತೂ ಇಲ್ಲದೆ ಪೂರ್ತಿ ವಾಪಸ್ ಕೊಡ್ತು. ನೀವು ಹೋಗೋ ಹೊತ್ತಿಗೆ ಸಾಲದ ವಸ್ತುಗಳು ಇನ್ನೂ ಅಲ್ಲಿದ್ಯಾ ಅಂತ ವಿಚಾರಿಸ್ಕೊಂಡು ಹೋಗಿ.

ಈಗ ಬೊನ್ವಿರೆ. ಕುಮಾಸಿಯಿಂದ ಟ್ಯಾಕ್ಸೀಲಿ ಒಂದು ಗಂಟೆ ಒಳಗೆ, ಕೆಂಟೆಯ ತವರು. ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಇಟ್ಕೊಳ್ಳಿ, ಒಂದು ಗಂಟೆ ನೋಡಿ ಫೋಟೋ ತೆಗೆದು ಬರೋ ಟೂರ್ ತಗೋಬೇಡಿ. ನೇಕಾರ ಮರದ ಚೌಕಟ್ಟಿನ ಒಳಗೇ ಕೂತಿರ್ತಾನೆ, ಕಾಲಿನ ಬೆರಳ ಸಂದಿಯಲ್ಲಿ ಹಗ್ಗ ಸಿಗಿಸ್ಕೊಂಡು ಎಳೆಗಳನ್ನ ಎತ್ತಿ ಇಳಿಸ್ತಾನೆ, ಹಾಸು, ಅಂದ್ರೆ ಉದ್ದದ ಎಳೆ, ಮುಂದೆ ಎಷ್ಟೋ ದೂರದವರೆಗೆ ಚಾಚಿಕೊಂಡು ಹೋಗಿರತ್ತೆ, ಅದರ ತುದೀಲಿ ಒಂದು ಭಾರದ ಕಲ್ಲು, ನೇಯ್ತಾ ಹೋದಂಗೆ ಕಲ್ಲು ಮೆಲ್ಲಗೆ ತೆವಳಿಕೊಂಡು ಹತ್ರ ಬರತ್ತೆ. ಬಟ್ಟೆ ಅಗಲ ಬರೀ ನಾಲ್ಕು ಇಂಚು! ಇಂಥ ಪಟ್ಟಿಗಳನ್ನ ಪಕ್ಕಪಕ್ಕ ಹೊಲಿದ್ರೇನೇ ಒಂದು ಹೊದಿಕೆ, ಗಂಡಸರು ಹೊದೆಯೋ ದೊಡ್ಡ ಬಟ್ಟೆಗೆ ಇಪ್ಪತ್ತಕ್ಕಿಂತ ಜಾಸ್ತಿ ಪಟ್ಟಿ ಬೇಕು. ಅನಾಟ್ಸುಯಿ ಅವರ ಮುಚ್ಚಳದ ಬಟ್ಟೆ ಸಣ್ಣ ಸಣ್ಣ ತುಂಡು ಸೇರಿಸ್ಕೊಂಡೇ ಯಾಕೆ ದೊಡ್ಡದಾಗತ್ತೆ ಅಂತ ನನಗೆ ಹೊಳೆದಿದ್ದು ಇಲ್ಲಿ, ಆ ಕಲ್ಲು ಹತ್ರ ಬರೋದನ್ನ ನೋಡ್ತಾ ಕೂತಿದ್ದಾಗ. ಕುರಾಗು, ಅಮೆಯಾ ಅಂತ ಇಬ್ರು ಅಣ್ಣತಮ್ಮಂದಿರು ಕಾಡಲ್ಲಿ ಅನಾನ್ಸೆ ಅನ್ನೋ ಜೇಡ ಬಲೆ ನೇಯೋದನ್ನ ನೋಡಿ ಕಲಿತ್ರು ಅಂತ ಊರಲ್ಲಿ ಕಥೆ ಹೇಳ್ತಾರೆ. 18ನೇ ಶತಮಾನದಲ್ಲಿ ಯುರೋಪಿನ ವ್ಯಾಪಾರಿಗಳು ತಂದ ರೇಷ್ಮೆ ಬಟ್ಟೆ ಕೊಂಡು, ಅದನ್ನ ಎಳೆ ಎಳೆಯಾಗಿ ಬಿಚ್ಚಿ, ಆ ಎಳೆಯಿಂದ ತಮ್ಮ ಬಟ್ಟೆ ನೇಯ್ತಿದ್ರಂತೆ. ಹೊರಗಿಂದ ಬಂದಿದ್ದನ್ನ ಬಿಚ್ಚಿ ತಮ್ಮದು ಮಾಡ್ಕೊಳ್ಳೋದು ಈ ಕಲೆಯಲ್ಲಿ ಆಗಿಂದಲೇ ಇದೆ, ಬಾಟಲಿ ಮುಚ್ಚಳ ಅದರ ಮುಂದಿನ ಅಧ್ಯಾಯ ಅಷ್ಟೇ.

ಪ್ರತಿ ವಿನ್ಯಾಸಕ್ಕೂ ಒಂದು ಹೆಸರಿದೆ, ಕೇಳದೆ ಬರ್ಬೇಡಿ. ಅಡ್ವೆನೆಸಾ ಅಂದ್ರೆ ನನ್ನ ಕೌಶಲ ಎಲ್ಲಾ ಖರ್ಚಾಯ್ತು ಅಂತ, ಅಷ್ಟು ಕಷ್ಟದ್ದು, ಹಾಸು ಕಾಣದಷ್ಟು ತುಂಬಿ ನೇಯ್ತಾರೆ. ಇನ್ನೊಂದರ ಹೆಸರು ಫಾತಿಯಾ ಎನ್ಕ್ರುಮಾಗೆ ತಕ್ಕವಳು ಅಂತಿತ್ತು, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್ಕ್ರುಮಾ ಈಜಿಪ್ಟಿನ ಫಾತಿಯಾರನ್ನ ಮದುವೆ ಆಗಿದ್ದಕ್ಕೆ, 1966ರಲ್ಲಿ ಸೇನೆ ಅವರನ್ನ ಇಳಿಸಿದ ಮೇಲೆ ಅದೇ ಬಟ್ಟೆಗೆ ಒಬ್ಬನೇ ದೇಶ ಆಳಲಾರ ಅಂತ ಹೆಸರಾಯ್ತು. ಒಂದೆಳೆಯೂ ಬದಲಾಗಲಿಲ್ಲ, ಹೆಸರು ಬದಲಾಯ್ತು. ಖಣದಲ್ಲೂ ತೇರು, ಆನೆಹೆಜ್ಜೆ ಅಂತೆಲ್ಲ ಹೆಸರಿವೆ, ನಾನು ಅಜ್ಜಿಯ ಒಂದು ಹಳೇ ಖಣ ಜೊತೇಲಿ ತಗೊಂಡ್ಹೋಗಿದ್ದೆ, ಅಲ್ಲಿನ ಒಬ್ಬ ವಯಸ್ಸಾದ ನೇಕಾರರ ಕೈಗೆ ಕೊಟ್ರೆ ಅವರು ಮೊದಲು ಮಾಡಿದ್ದು ಅದನ್ನ ತಿರುಗಿಸಿ ಹಿಂಬದಿ ನೋಡಿದ್ದು. ನಮ್ಮಜ್ಜನೂ ಯಾರ ಬಟ್ಟೆ ಕಂಡ್ರೂ ಹಾಗೇ ಮಾಡ್ತಿದ್ರು. ಅಲ್ಲಿಂದ ಮುಂದೆ ಇಡೀ ಮಧ್ಯಾಹ್ನ ಅವರು ನಮ್ಮನ್ನ ಗಿರಾಕಿ ಥರ ನೋಡ್ಲೇ ಇಲ್ಲ. ನಿಮ್ಮ ಮನೇಲೂ ಕೈಮಗ್ಗದ್ದು ಏನಾದ್ರೂ ಇದ್ರೆ ಒಂದು ತುಂಡು ತಗೊಂಡ್ಹೋಗಿ, ನಿಜವಾಗ್ಲೂ ಹೇಳ್ತಿದೀನಿ.

ಕೊಳ್ಳೋ ವಿಷ್ಯ. 2024ರ ಡಿಸೆಂಬರ್‌ನಲ್ಲಿ ಕೆಂಟೆ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆ ಪಟ್ಟಿಗೆ ಸೇರಿತು, ಆದ್ರೂ ಮಾರ್ಕೆಟ್ ತುಂಬಾ ಮಿಲ್ಲಿನಲ್ಲಿ ಪ್ರಿಂಟ್ ಹೊಡೆದ ಬಟ್ಟೇನೇ ಜಾಸ್ತಿ. ಅಕ್ರಾದ ಒಂದು ಅಂಗಡೀಲಿ ಮೊದಲ ದಿನವೇ ಕೈಮಗ್ಗದ್ದು ಅಂತ ನಂಬಿಸಿ ನನಗೆ ಪ್ರಿಂಟ್ ಕೊಟ್ರು, ಬೊನ್ವಿರೆಯಲ್ಲಿ ತೋರಿಸಿದಾಗ ಗೊತ್ತಾಯ್ತು. ಹಿಂದೆ ತಿರುಗಿಸಿ ನೋಡಿ, ಬಣ್ಣ ಮಂಕಾಗಿದ್ರೆ ಪ್ರಿಂಟ್, ನೇಯ್ದಿದ್ರೆ ಪಟ್ಟಿ ಪಟ್ಟಿಗೂ ಹೊಲಿಗೆ ಕೈಗೆ ಸಿಗತ್ತೆ, ತೂಕಾನೂ ಜಾಸ್ತಿ. ಪೂರ್ತಿ ಬಟ್ಟೆಗೆ ದುಡ್ಡು ಸಾಲದಿದ್ರೆ ಒಂದೇ ಒಂದು ಪಟ್ಟಿ ನೇಯ್ದವರ ಕೈಯಿಂದ ತಗೊಳ್ಳಿ, ಚೌಕಾಸಿ ಸ್ವಲ್ಪ ಮಾಡಿ, ಅರ್ಧಕ್ಕೆ ಇಳಿಸ್ಬೇಡಿ.

ನ್ಟೊನ್ಸೊ ಇನ್ನೊಂದು ದಿನಕ್ಕೆ ಇರಲಿ, ಮ್ಯಾಂಪಾಂಗ್ ರೋಡಲ್ಲಿದೆ. ಇಲ್ಲಿ ಅಡಿಂಕ್ರಾ, ಅಂದ್ರೆ ಚಿಹ್ನೆಗಳ ಅಚ್ಚು ಒತ್ತಿದ ಬಟ್ಟೆ. ಬಾಡಿ ಅನ್ನೋ ಮರದ ತೊಗಟೆ ನೆನೆಸಿ, ಒರಳಲ್ಲಿ ಕುಟ್ಟಿ, ಗಂಟೆಗಟ್ಟಲೆ ಕುದಿಸಿ ಡಾಂಬರಿನಂಥ ಕಪ್ಪು ಬಣ್ಣ ಮಾಡ್ತಾರೆ, ಸೋರೆಬುರುಡೆ ಚೂರಿನಲ್ಲಿ ಕೆತ್ತಿದ ಅಚ್ಚು ಅದರಲ್ಲಿ ಅದ್ದಿ ಬಟ್ಟೆ ಮೇಲೆ ಒತ್ತೋದು. ನಮಗೂ ಒಂದು ತುಂಡು ಬಟ್ಟೆ ಕೊಟ್ಟು ಒತ್ತೋಕೆ ಬಿಟ್ರು. ಅಡಿಂಕ್ರಾ ಮೊದಲು ಸಾವಿನ ಮನೆಯ ಬಟ್ಟೆ, ಅಗಲಿಕೆಯ ಬಟ್ಟೆ. ಸಂಕೋಫಾ ಅನ್ನೋ ಚಿಹ್ನೇಲಿ ಹಕ್ಕಿ ಕುತ್ತಿಗೆ ಹಿಂದಕ್ಕೆ ತಿರುಗಿಸಿರತ್ತೆ, ಮರೆತಿದ್ದನ್ನ ಹಿಂದೆ ಹೋಗಿ ತಗೊಂಡು ಬಾ ಅಂತ ಅರ್ಥ. ಗ್ಯೆ ನ್ಯಾಮೆ, ದೇವರೊಬ್ಬನನ್ನ ಬಿಟ್ಟು ಅನ್ನೋದು, ಇದು ಗೇಟಿನ ಮೇಲೆ, ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ, ಟ್ಯಾಕ್ಸಿ ಗಾಜಿಗೆ, ಎಲ್ಲೆಲ್ಲೂ ಇದೆ. ಐದಾರು ಚಿಹ್ನೆ ಇಲ್ಲೇ ಕಲ್ತುಬಿಡಿ, ಆಮೇಲೆ ಅಕ್ರಾದ ಫ್ಯಾಷನ್ ಅಂಗಡೀಲಿ, ಪೇಂಟಿಂಗಲ್ಲಿ, ಕಟ್ಟಡದ ಜಾಲರೀಲಿ ಎಲ್ಲಾ ಕಡೆ ಓದೋಕೆ ಬರತ್ತೆ.

ತಮಾಲೆ ದೂರ ಅಂತ ಬಹಳ ಜನ ಬಿಟ್ಬಿಡ್ತಾರೆ, ಬಿಡ್ಬೇಡಿ, ಅಕ್ರಾದಿಂದ ವಿಮಾನದಲ್ಲಿ ಒಂದು ಗಂಟೆ. 1987ರಲ್ಲಿ ಇಲ್ಲೇ ಹುಟ್ಟಿದ ಕಲಾವಿದ ಇಬ್ರಾಹಿಂ ಮಹಾಮಾ ತಮ್ಮ ಕೃತಿ ಮಾರಿದ ದುಡ್ಡಲ್ಲಿ ಈ ಊರಲ್ಲಿ ಮೂರು ಕಲಾಕೇಂದ್ರ ಮಾಡಿದ್ದಾರೆ, 2019ರಲ್ಲಿ ಸವಾನಾ ಸೆಂಟರ್, 2020ರಲ್ಲಿ ರೆಡ್ ಕ್ಲೇ, ಆಮೇಲೆ ಎನ್ಕ್ರುಮಾ ವೊಲಿನಿ ಅಂತ ಹಳೇ ದಾಸ್ತಾನು ಕಟ್ಟಡ. ರೆಡ್ ಕ್ಲೇಗೆ ಅರ್ಧ ದಿನ ಸಾಲಲ್ಲ. ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡ, ಬಯಲಲ್ಲಿ ಹಳೇ ವಿಮಾನಗಳು, ರೈಲು ಬೋಗಿಗಳು, ಆ ವಿಮಾನದೊಳಗೆ ಸ್ಕೂಲ್ ಮಕ್ಕಳಿಗೆ ಪಾಠ. ನಮ್ಮತ್ರ ಯಾರೂ ಟಿಕೆಟ್ ಕೇಳ್ಲಿಲ್ಲ. ಮಹಾಮಾ ಹೆಸರು ಮಾಡಿದ್ದು ಗೋಣಿಚೀಲದಿಂದ, ಏಷ್ಯಾದಲ್ಲಿ ತಯಾರಾಗಿ ಬರೋ ಚೀಲ, ಕೋಕೋ ತುಂಬಿಸ್ಕೊಳ್ಳತ್ತೆ, ಹಳೇದಾದ್ರೆ ಇದ್ದಿಲು ತುಂಬಿಸ್ಕೊಳ್ಳತ್ತೆ, ಹರಿದ ಮೇಲೆ ಇವರು ಹೊಸ ಚೀಲ ಕೊಟ್ಟು ಹಳೇದು ತಗೊಂಡು ಹೊಲಿದು ಕಟ್ಟಡಗಳಿಗೇ ಹೊದಿಸ್ತಾರೆ. 2024ರಲ್ಲಿ ಲಂಡನ್ನಿನ ಬಾರ್ಬಿಕನ್ ಕಟ್ಟಡಕ್ಕೆ ಹೊದಿಸಿದ್ದ ಸುಮಾರು 2,000 ಚದರ ಮೀಟರ್ ನೇರಳೆ ಗುಲಾಬಿ ಬಟ್ಟೆ ತಮಾಲೆಯಲ್ಲೇ ಕೈಮಗ್ಗದಲ್ಲಿ ನೇಯ್ದು, ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹಾಸಿ ಹೊಲಿದದ್ದು, ಅದರ ಮೇಲೆ ಉತ್ತರದವರು ಹಾಕೋ ಬಟಕಾರಿ ಅಂಗಿಗಳನ್ನ ಹಚ್ಚಿದ್ರು, ಮನೆಮಂದಿ ತಲೆಮಾರುಗಟ್ಟಲೆ ಇಟ್ಕೊಂಡಿದ್ದ ಹಳೇ ಅಂಗಿಗಳು. ನೂರಾರು ಜನಕ್ಕೆ ಕೆಲಸ ಸಿಕ್ತು. ನಮ್ಮ ಕಡೆ ಮಗ್ಗಗಳನ್ನ ಅಟ್ಟಕ್ಕೆ ಹಾಕಿದ್ದಾರಲ್ಲ, ಅದು ನೆನಪಾಗಿ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಅಕ್ರಾ, ಈಗ ಗ್ಯಾಲರಿಗಳಿಗೆ ಹೋಗಿ. ಲಾ ಅನ್ನೋ ಬಡಾವಣೆಯ ಬೀಚ್ ಪಕ್ಕ ಕಲಾವಿದ ಅಬ್ಲೇಡ್ ಗ್ಲೋವರ್ ಕಟ್ಟಿದ ಆರ್ಟಿಸ್ಟ್ಸ್ ಅಲಯನ್ಸ್ ಗ್ಯಾಲರಿ ಮೂರು ಮಹಡಿ ಇದೆ, ಹಳೇ ಕೆಂಟೆ, ಕೆತ್ತನೆ, ಹೊಸಬರ ಪೇಂಟಿಂಗ್ ಒಂದೇ ಸೂರಿನಡಿ, ಟೈಮ್ ಕಮ್ಮಿ ಇದ್ರೆ ಇದೊಂದೇ ಸಾಕು. ಈಸ್ಟ್ ಲೆಗಾನ್‌ನ ನುಬುಕೆ ಫೌಂಡೇಶನ್ ನನಗೆ ಎಲ್ಲಕ್ಕಿಂತ ಇಷ್ಟ ಆಯ್ತು, ನೇಯ್ಗೆ ಮೇಲೆ ಅವರಿಗೆ ನಿಜವಾದ ಪ್ರೀತಿ, ಉತ್ತರದ ವಾ ಅನ್ನೋ ಊರಲ್ಲಿ ಮಣ್ಣು ಮತ್ತು ಬಟ್ಟೆ ಕೆಲಸಕ್ಕೆ ಅಂತಲೇ ಒಂದು ಕೇಂದ್ರ ನಡೆಸ್ತಾರೆ. ಲಾದವರೇ ಆದ ಕಲಾವಿದ ಸೆರ್ಜ್ ಅಟ್ಟುಕ್ವೆ ಕ್ಲಾಟಿ ಅವರ ಕೆಲಸ ಎಲ್ಲಾದ್ರೂ ಕಂಡ್ರೆ ನಿಂತು ನೋಡಿ, ನೀರು ತರೋ ಹಳದಿ ಕ್ಯಾನ್‌ಗಳನ್ನ ಚೌಕ ಚೌಕ ಕತ್ತರಿಸಿ ತಂತಿಯಲ್ಲಿ ಹೊಲಿದ ಹಾಳೆಗಳು, ಮೊದಲ ಸಲ ನನಗೆ ಅದು ಪ್ಲಾಸ್ಟಿಕ್ ಆಗಿ ಕಂಡಿತ್ತು, ಎರಡನೇ ಸಲ ಕೆಂಟೆ ಕಾಣಿಸ್ತು.

ಅಕ್ರಾದ ಪಕ್ಕದ ಟೆಶಿಯಲ್ಲಿ, ಈ ಕಡೆಯ ಗಾ ಅನ್ನೋ ಜನರ ಶವಪೆಟ್ಟಿಗೆ ಮಾಡೋ ಬಡಗಿಗಳ ಅಂಗಡಿಗಳಿವೆ, ಮೀನುಗಾರರಿಗೆ ಮೀನು, ಕೋಕೋ ಬೆಳೆದವರಿಗೆ ಕೋಕೋ ಕಾಯಿ, ಹೀಗೆ ಬದುಕಿದ್ದಕ್ಕೆ ತಕ್ಕ ಆಕಾರ. ಸೆತ್ ಕೇನ್ ಕ್ವೆ ಅನ್ನೋ ಬಡಗಿ 1951ರಲ್ಲಿ, ಯಾವತ್ತೂ ವಿಮಾನ ಹತ್ತದ ತಮ್ಮ ಅಜ್ಜಿಗೆ ವಿಮಾನದ ಆಕಾರದ ಪೆಟ್ಟಿಗೆ ಮಾಡಿದ್ರು ಅಂತ ಹೇಳ್ತಾರೆ, 1989ರಲ್ಲಿ ಅವರ ಕೆಲಸ ಪ್ಯಾರಿಸ್‌ನ ಪೊಂಪಿಡು ಸೆಂಟರ್‌ಗೂ ಹೋಯ್ತು. ಇಲ್ಲಿ ಕೇಳದೆ ಫೋಟೋ ತೆಗೀಬೇಡಿ, ಅರ್ಧ ಪೇಂಟ್ ಆಗಿರೋ ಪೆಟ್ಟಿಗೆ ಯಾರದೋ ಮನೆಯವರಿಗೆ ಕಾಯ್ತಿರತ್ತೆ.

ಹಳೇ ಮುಖವಾಡ, ವಿಗ್ರಹ ಅಂತ ಏನಾದ್ರೂ ಕೊಂಡ್ರೆ ದೇಶದಿಂದ ಹೊರಗೆ ತರೋಕೆ ಅಲ್ಲಿನ ಮ್ಯೂಸಿಯಂ ಮಂಡಳಿಯ ಪರವಾನಗಿ ಪತ್ರ ಬೇಕಾಗತ್ತೆ, ಏರ್‌ಪೋರ್ಟಿಗೆ ಹೋಗೋ ಮುಂಚೆಯೇ ಮಾಡಿಸಿ. ಹೊಸ ಬಟ್ಟೆಗೆ ಅದೇನೂ ಬೇಡ. ಆಮೇಲೆ ನ್ಟೊನ್ಸೊದ ಬಟ್ಟೆ ಮನೆಗೆ ತಂದ ಮೇಲೆ ನೀರಿಗೆ ಹಾಕ್ಬೇಡಿ, ಆ ತೊಗಟೆ ಬಣ್ಣ ಒಗೆಯೋಕೆ ಅಂತ ಮಾಡಿದ್ದಲ್ಲ. ಅಲ್ಲಿ ನನಗೆ ಇದನ್ನ ಎರಡು ಸಲ ಹೇಳಿ ಕಳಿಸಿದ್ರು. ನನ್ನದು ಈಗ ಅಜ್ಜಿಯ ಖಣದ ಜೊತೆ ಒಂದೇ ಹಳೇ ಹತ್ತಿ ಪಂಚೇಲಿ ಸುತ್ತಿಟ್ಟಿದೀನಿ, ತಿಂಗಳಿಗೊಂದು ಸಲ ನೆರಳಲ್ಲಿ ಗಾಳಿಗೆ ಹಾಕ್ತೀನಿ, ತೊಗಟೆ ವಾಸನೆ ಇನ್ನೂ ಇದೆ.